ಕಪ್ಪು ಪರದೆಯ ಹಿಂದೆ ಉಳಿದ ಫೋಟೋ

ಇದು ೨೦೧೦ರ ಮಾತು. ಆಗ ಕುಂದಾಪುರದಲ್ಲಿ ನನ್ನದೊಂದು ಪುಟ್ಟ ಅಂಗಡಿ ಇತ್ತು. ಜೆರಾಕ್ಸ್, ಲ್ಯಾಮಿನೇಶನ್, ಹಳೆ ಫೋಟೋ ಸರಿಮಾಡಿ ಕೊಡುವುದು ನನ್ನ ಕೆಲಸ. ಊರೆಲ್ಲ ವಿಂಡೋಸ್ ಇದ್ದಾಗ ನನ್ನ ಕಂಪ್ಯೂಟರಿನಲ್ಲಿ ಲಿನಕ್ಸ್. ಕೇಳಿದವರಿಗೂ ಕೇಳದವರಿಗೂ ಅದರ ಹೆಚ್ಚುಗಾರಿಕೆ ಕೊಚ್ಚಿಕೊಳ್ಳುವ ಚಟ ಬೇರೆ.

ಒಂದು ದಿನ ಬೀಜಾಡಿಯ ಗಿರಿಜಕ್ಕ ಬಂದರು. ಮೀನು ಮಾರುವವರು. ಅವರ ಗಂಡ ಕಾಯಿಲೆಯಿಂದ ತೀರಿಹೋಗಿದ್ದರು. ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಮಾಲೆ ಹಾಕಿ ಇಡಲು ಒಂದು ಫೋಟೋ ಬೇಕಿತ್ತು. ಮನೆಯಲ್ಲಿದ್ದದ್ದು ಒಂದೇ. ಅದರಲ್ಲಿ ದೋಣಿಗೆ ಒರಗಿ ನಿಂತ ಗಂಡನ ಜೊತೆ ಅದೇ ದೋಣಿಯ ಇನ್ನೂ ಮೂವರಿದ್ದರು. ಆ ಮೂವರೂ ಬದುಕಿದ್ದಾರೆ. ಬದುಕಿರುವವರ ಫೋಟೋಕ್ಕೆ ಮಾಲೆ ಹಾಕುವುದುಂಟೇ?

"ಇವ್ರದ್ದೊಂದೇ ತೆಗ್ದ್ ದೊಡ್ಡದ್ ಮಾಡಿ ಕೊಡಿ ಮಾರ್ರೆ," ಎಂದರು.

ಸ್ಕ್ಯಾನ್ ಮಾಡಿ ಮೂಲ ಫೋಟೋ ವಾಪಸ್ ಕೊಟ್ಟೆ. ಹೆಗಲ ಮೇಲಿದ್ದ ಗೆಳೆಯನ ಕೈ ತೆಗೆದು, ತೇವದ ಕಲೆ ಅಳಿಸಿ, ಕೂತು ತಿದ್ದಿದೆ. ಮುಖ ಚೆನ್ನಾಗಿ ಬಂತು. ಪ್ರಿಂಟ್ ತೆಗೆಯುವುದಷ್ಟೇ ಬಾಕಿ.

ಅಷ್ಟರಲ್ಲಿ ಲಿನಕ್ಸಿನ ಹೊಸ ಆವೃತ್ತಿಯ ಸಿಡಿ ಕೈಗೆ ಸಿಕ್ಕಿತು. ಅದರಲ್ಲಿ ಪರದೆ ಮೇಲಿನ ಕಿಟಕಿಗಳನ್ನು ಮೌಸಿನಿಂದ ಎಳೆದರೆ ಬಟ್ಟೆಯ ಹಾಗೆ ಅಲುಗಾಡುತ್ತವಂತೆ. ಬ್ರಹ್ಮಾವರದ ಗೆಳೆಯ ಸದಾನಂದ ಫೋನಿನಲ್ಲಿ ಎಚ್ಚರಿಸಿದ್ದ: "ನಿನ್ ಗ್ರಾಫಿಕ್ಸ್ ಕಾರ್ಡ್ ಹಳ್ತ್. ಹೊಸ್ದ್ರಂಗೆ ಅದಕ್ಕೆ ಡ್ರೈವರ್ ಇಲ್ಲೆ. ಈಗಿಪ್ದೇ ಇರ್ಲಿ."

ನಾನು ಕೇಳಲಿಲ್ಲ. ಗಿರಾಕಿಗಳ ಮುಂದೆ ಮೆರೆಯುವ ಆಸೆ. ಬೊಜ್ಜದ ಹಿಂದಿನ ದಿನ ಹೊಸದನ್ನು ಹಾಕಿಯೇಬಿಟ್ಟೆ. ಕಂಪ್ಯೂಟರ್ ಶುರುವಾಯಿತು, ಪರದೆ ಮಾತ್ರ ಕಪ್ಪು. ಪರದೆಗೆ ಚಿತ್ರ ಕಳಿಸುವ ಆ ಹಳೆ ಕಾರ್ಡನ್ನು ಹೊಸ ಲಿನಕ್ಸ್ ಗುರುತಿಸಲೇ ಇಲ್ಲ. ಎಷ್ಟು ಸಲ ಆರಿಸಿ ಹಾಕಿದರೂ ಅದೇ ಕಪ್ಪು. ಫೋಟೋ ಒಳಗೇ ಇತ್ತು. ಅದನ್ನು ಹೊರಗೆ ತೆಗೆಯುವ ದಾರಿ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದ ಸದಾನಂದನಿಗೆ ಫೋನ್ ಮಾಡಲು ಅಹಂಕಾರ ಬಿಡಲಿಲ್ಲ.

ಮರುದಿನ ಖಾಲಿ ಫ್ರೇಮು ಹಿಡಿದು ಬೀಜಾಡಿಗೆ ಹೋದೆ. ಮಾಲೆ ತಯಾರಾಗಿತ್ತು. "ಕಂಪ್ಯೂಟರ್ ಕೈಕೊಟ್ಟಿತು," ಎಂದೆ. ಕೈಕೊಟ್ಟವನು ನಾನು ಎನ್ನಲು ಬಾಯಿ ಬರಲಿಲ್ಲ. ಗಿರಿಜಕ್ಕ ಮಾಲೆಯನ್ನು ಬಾಳೆಲೆಯ ಮೇಲಿಟ್ಟು ಕೂತರು.

ದೋಣಿಯ ಮೂವರಲ್ಲಿ ಹಿರಿಯರಾದ ಮಂಜಣ್ಣ ಎದ್ದು ಬಂದರು. ಒಳಗಿದ್ದ ಹಳೆ ಫೋಟೋ ತರಿಸಿ ನನ್ನ ಫ್ರೇಮಿಗೆ ತಾವೇ ಸೇರಿಸಿದರು.

"ಇದ್ಕೇ ಹಾಕ್, ಗಿರಿಜ."

"ನೀವೆಲ್ಲ ಇದ್ರಂಗೆ ಇದ್ರಿಯಲೆ ಮಂಜಣ್ಣ. ಹ್ಯಾಂಗ್ ಹಾಕುದ್?"

"ಕಡ್ಲಿಗೆ ಒಟ್ಟಿಗೇ ಹೋದವ್ರ್ ನಾವ್. ಇದ್ರಂಗೂ ಒಟ್ಟಿಗೇ ಇಪ್ಪ. ಎಂತ ಆತಿಲ್ಲೆ, ಹಾಕ್."

ಉಳಿದಿಬ್ಬರೂ ತಲೆಯಾಡಿಸಿದರು. ಅವರಲ್ಲಿ ಕಿರಿಯವನ ಹೆಂಡತಿ ಮಾತ್ರ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಗಿರಿಜಕ್ಕ ಮಾಲೆ ಎತ್ತಿ ಹಾಕಿದರು. ಮಾಲೆ ನಾಲ್ವರ ಕೊರಳಿಗೂ ಸೇರಿ ಬಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಹ್ವಾಯ್, ಊಟಕ್ಕೆ ಕೂಕಣಿ," ಎಂದು ಮಂಜಣ್ಣ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು.

ಆಮೇಲೆ ಅಹಂಕಾರ ಬಿಟ್ಟು ಕರೆದಾಗ ಸದಾನಂದ ಬಂದು ಹಳೆ ಆವೃತ್ತಿಯನ್ನೇ ಹಾಕಿಕೊಟ್ಟ. ತಿದ್ದಿದ ಫೋಟೋ ಹಾಗೇ ಇತ್ತು. ಪ್ರಿಂಟ್ ಮಾಡಿ ಗಿರಿಜಕ್ಕನಿಗೆ ಕೊಟ್ಟು ಬಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಶಕುನ ಗಿಕುನ ನಂಬುವವನಲ್ಲ ನಾನು. ಆದರೂ ಫೋಟೋದ ಆ ಮೂವರು ದೋಣಿಗೆ ಹೋಗುವುದನ್ನು ಬಿಡುವ ತನಕ, ಗಾಳಿ ಜೋರಾದ ದಿನವೆಲ್ಲ ಏನಾದರೊಂದು ನೆಪ ಮಾಡಿ ಬೀಜಾಡಿಗೆ ಫೋನ್ ಮಾಡುತ್ತಿದ್ದೆ. ಮೂವರೂ ದಡಕ್ಕೆ ಬಂದರು ಎಂದು ಕೇಳಿದ ಮೇಲೆಯೇ ನಾನು ಅಂಗಡಿ ಬಾಗಿಲು ಹಾಕುತ್ತಿದ್ದದ್ದು.