ಕೊಲಂಬೊ ಕಡಲ ದಂಡೆಯಲ್ಲಿ ಕೈ ಎತ್ತಿದ್ದು

ಬಂಗಾರಪೇಟೆಯಲ್ಲಿ ಮದರಾಸಿನ ರೈಲು ಹತ್ತಿದಾಗ ನಮ್ಮ ಬಳಿ ಬೆಲೆಬಾಳುವುದೆಂದರೆ ಒಂದೇ, ತೀರಿಹೋದ ನಮ್ಮಮ್ಮನ ಚಿನ್ನದ ಅಡ್ಡಿಕೆ. ಅದು ಕೊಲಂಬೊದಲ್ಲಿ ಸಂಸಾರ ಹೂಡಿದ್ದ ತಂಗಿ ಗೌರಿಯ ಕೊರಳಿಗೇ ಹೋಗಬೇಕೆಂದು ಅಮ್ಮ ನನ್ನಿಂದ ಮಾತು ತೆಗೆದುಕೊಂಡಿದ್ದಳು. "ಸಮುದ್ರದೂರು, ಕಳ್ಳರು ಜಾಸ್ತಿ, ಉಸಾರು ಕಣಮ್ಮಾ" ಎಂದು ನಮ್ಮ ಉರಿಗಾಂ ಗಣಿ ಲೈನಿನ ನೆರೆಹೊರೆಯವರೆಲ್ಲ ಹೇಳಿ ಕಳಿಸಿದ್ದರು.

"ನಂಗೆ ಕೊಡೇ. ಇಪ್ಪತ್ತು ವರ್ಷ ಚಿನ್ನದ ಗಣೀಲಿ ಕೆಲ್ಸ ಮಾಡಿದೋನು ನಾನು!" ಎಂದು ನಮ್ಮೆಜಮಾನರು ಅದನ್ನು ಸೊಂಟದ ಚೀಲಕ್ಕೆ ಸೇರಿಸಿದರು.

ಸರದಿಯ ಮೇಲೆ ನಿದ್ದೆ ಮಾಡಿದೆವು. ಮಂಡಪಂನಲ್ಲಿ ಡಾಕ್ಟರ ತಪಾಸಣೆ ಮುಗಿಸಿ ಧನುಷ್ಕೋಡಿಯಲ್ಲಿ ಹಡಗು ಹತ್ತಿದೆವು. ಕಟ್ಟಿಕೊಂಡು ಹೋಗಿದ್ದ ರಾಗಿ ರೊಟ್ಟಿ ನನಗೆ ಹಡಗಿನಲ್ಲಿ ದಕ್ಕಲಿಲ್ಲ. ನಾನು ವಾಂತಿ ಮಾಡಿಕೊಳ್ಳುತ್ತಿದ್ದರೂ ಮಹರಾಯ ಸೊಂಟದಿಂದ ಕೈ ತೆಗೆಯಲಿಲ್ಲ. ನೆನೆದರೆ ಈಗಲೂ ನಗು ಬರುತ್ತದೆ.

ಹಡಗಿಳಿದು ಮತ್ತೆ ರೈಲು ಹತ್ತಿ ಕೊಲಂಬೊ ಸೇರಿದ ಬೆಳಿಗ್ಗೆ, ಮೊದಲು ಸಮುದ್ರ ನೋಡೋಣವೆಂದು ದಂಡೆಗೆ ಹೋದೆವು. ನಾನು ನೀರಿಗಿಳಿದಿದ್ದೆ. ಖಾಕಿ ತೊಟ್ಟವನೊಬ್ಬ ಇವರೆದುರು ನಿಂತು, ಕೈ ಎತ್ತೆಂದು ತಮಿಳಿನಲ್ಲಿ ಗದರಿದ. ನಮ್ಮ ಗಣಿಯಲ್ಲಿ ಪಾಳಿ ಮುಗಿಸಿದವರು ಚಿನ್ನ ಬಚ್ಚಿಟ್ಟಿಲ್ಲವೆಂದು ಗೇಟಿನಲ್ಲಿ ಕೈ ಎತ್ತಿ, ಬಾಯಿ ತೆರೆದು, ಮೈ ತಡವಿಸಿಕೊಂಡೇ ಮನೆಗೆ ಬರಬೇಕು. ಇಪ್ಪತ್ತು ವರ್ಷದ ರೂಢಿ, ಇವರ ಕೈ ತಾವಾಗಿಯೇ ಮೇಲೆದ್ದವು. ಕೇಳದಿದ್ದರೂ ಬಾಯಿ ಬೇರೆ ತೆರೆದು ತೋರಿಸಿದರು! ನಾನು ಕೂಗುತ್ತಾ ಓಡಿ ಬರುವಷ್ಟರಲ್ಲಿ ಆ ಕಳ್ಳ ಚೀಲ ಬಿಚ್ಚಿಕೊಂಡು ಜನರೊಳಗೆ ಮಾಯವಾಗಿದ್ದ.

ಗೌರಿಯ ಮನೆಯಲ್ಲಿ ಇವರು ತಲೆ ಎತ್ತಲಿಲ್ಲ. ನಡೆದದ್ದನ್ನು ನಾನೇ ಹೇಳಿದೆ. "ಅಮ್ಮಂದು ಅಂತ ಅದೊಂದೇ ಅಲ್ವೇನಕ್ಕಾ ಇದ್ದಿದ್ದು" ಎಂದು ಅವಳು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಅವಳೇ ಕಣ್ಣೊರೆಸಿಕೊಂಡು, "ಅಪ್ಪ ಪಾಳಿ ಮುಗಿಸ್ಕಂಡು ಬಂದ್ರೆ ನಾವಿಬ್ರೂ 'ಕೈ ಎತ್ತಪ್ಪಾ' ಅಂತಿದ್ವಲ್ಲ, ಗ್ಯಾಪ್ಕ ಐತಾ?" ಅಂದಳು. ಇಲ್ಲದೇನು! ಅಪ್ಪ ಬಾಗಿಲಲ್ಲೇ ಕೈ ಎತ್ತಿ ನಿಲ್ಲುತ್ತಿದ್ದ, ನಾವು ಜೇಬು ತಡಕಿ ಕಡಲೆ ಮಿಠಾಯಿ ದೋಚುತ್ತಿದ್ದೆವು. ಎಂಥ ದಿನಗಳವು!

ಅಲ್ಲಿದ್ದ ಎಂಟು ದಿನವೂ ಇವರು ಗೌರಿಯೊಡನೆ ನೆಲ ನೋಡಿಕೊಂಡೇ ಮಾತಾಡಿದರು. ಹೊರಡುವ ದಿನ ಸ್ಟೇಷನ್ನಿನಲ್ಲಿ ಅವಳು ಇವರೆದುರು ಬಂದು ನಿಂತು, "ಭಾವಾ, ಕೈ ಎತ್ತು" ಅಂದಳು. ಇವರು ಗಾಬರಿಯಾಗಿ ನನ್ನ ಕಡೆ ನೋಡಿ ಮೆಲ್ಲಗೆ ಎತ್ತಿದರು. ಅವಳು ಇವರ ಎರಡೂ ಜೇಬಿಗೆ ಕೊಬ್ಬರಿ ಮಿಠಾಯಿ ತುಂಬಿದಳು. ಎತ್ತಿದ್ದ ಕೈಗಳನ್ನು ಇವರು ಅವಳ ತಲೆಯ ಮೇಲಿಟ್ಟು, ಮೊದಲ ಸಲ ಅವಳ ಮುಖ ನೋಡಿದರು.