ಗಿರಣಿ ಸೆಂಟು ಮಾಡಿದವಳ ಹೆಸರು

ಆ ಭಾನುವಾರ ಸಂಜೆ ಫೋನಿನಲ್ಲಿ ಶಿವಲೀಲಾಗೆ ನಾನು ಹೇಳಿದ್ದು ಸುಳ್ಳು. ಅವಳು ಮಾಡಿದ ಸೆಂಟು ನಮ್ಮ ಗುಂಪಿನವರಿಗೆ ಅಷ್ಟಾಗಿ ಹಿಡಿಸಲಿಲ್ಲ ಅಂದೆ. ಹಿಡಿಸಿತ್ತು. ಏಳು ಜನರೂ ಅದನ್ನು ಮತ್ತೆ ಮತ್ತೆ ಮೂಸಿದ್ದರು. ನಾಲ್ಕು ವರ್ಷದಿಂದ ಇದನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ, ಅವಳಿಗೂ.

ನನ್ನ ಹೆಸರು ವಸುಧಾ. ಜಯನಗರದ ಒಂದು ವಿಮೆ ಆಫೀಸಿನಲ್ಲಿ ಕೆಲಸ, ಪದ್ಮನಾಭನಗರದಲ್ಲಿ ಮನೆ. ಬೇರೆಯವರು ಸೀರೆ ಹುಡುಕಿಕೊಂಡು ಹೋಗುವ ಹಾಗೆ ನಾನು ವಾಸನೆ ಹುಡುಕಿಕೊಂಡು ಹೋಗುತ್ತೇನೆ. ಮಾಲ್‌ಗಳಲ್ಲಿ ಸಾಲಾಗಿ ಇಟ್ಟಿರುವ ದೊಡ್ಡ ಕಂಪನಿಗಳ ಪರ್ಫ್ಯೂಮಲ್ಲ. ಎಲ್ಲೋ ಮೂಲೆಯಲ್ಲಿ ಒಬ್ಬರೋ ಇಬ್ಬರೋ ಕೂತು ಮಾಡುವಂಥದ್ದು, ಹೆಸರು ಕೇಳಿದರೆ ಯಾರಿಗೂ ಗೊತ್ತಿರಬಾರದು, ಅಂಥದ್ದು. ಪೋರ್ಚುಗಲ್‌ನ ಅಣ್ಣ ತಂಗಿ ಸೇರಿ ಮಾಡುವ, ಒದ್ದೆ ಹಗ್ಗದ ವಾಸನೆಯದೊಂದು. ಜಪಾನಿನ ಒಬ್ಬ ನಿವೃತ್ತ ಮೇಷ್ಟ್ರು ಮಾಡುವ, ಹಳೇ ಪುಸ್ತಕದ ಬೀರು ತೆರೆದಂತೆ ಇರುವುದೊಂದು. ಸಣ್ಣ ಸ್ಯಾಂಪಲ್ ಶೀಶೆಗಳಲ್ಲಿ ತರಿಸುತ್ತೇನೆ. ಒಂದೊಂದು ಶೀಶೆಯ ಮುಚ್ಚಳ ತೆಗೆಯುವಾಗಲೂ ನನಗೆ ಎದೆ ಹೊಡೆದುಕೊಳ್ಳುತ್ತದೆ. ಒಳಗೆ ಏನಿದೆಯೋ, ಎಲ್ಲಿಗೆ ಕರಕೊಂಡು ಹೋಗುತ್ತದೋ...

ನನ್ನಂಥ ಹುಚ್ಚಿನವರು ಇನ್ನೂ ಏಳು ಜನ ಸಿಕ್ಕಿದರು. ತಿಂಗಳಿಗೊಂದು ಭಾನುವಾರ ಜೆ.ಪಿ. ನಗರದ ರಂಗನಾಥ್ ಅಂಕಲ್ ಮನೆಯ ಮಹಡಿಯಲ್ಲಿ ಸೇರುತ್ತೇವೆ. ಅಂಕಲ್ ಕೆಲಸದಲ್ಲಿದ್ದಾಗ ಕಾಫಿ ರುಚಿ ನೋಡುವವರಾಗಿದ್ದರು, ಅವರ ಮೂಗಿಗೆ ನಾವೆಲ್ಲ ತಲೆಬಾಗುತ್ತೇವೆ. ಯಾರಾದರೊಬ್ಬರು ಹೆಸರು ಹೇಳದೆ ಒಂದು ಸೆಂಟು ತರಬೇಕು. ಕಾಗದದ ಪಟ್ಟಿಗೆ ಹಚ್ಚಿ ಎಲ್ಲರಿಗೂ ಕೊಡಬೇಕು. ಏನಿದು, ಎಲ್ಲಿಯದು ಎಂದು ಊಹಿಸುವುದೇ ಆಟ. ಯಾರಿಗೂ ಗೊತ್ತಿಲ್ಲದ್ದನ್ನು ತರುವವಳು ವಸುಧಾ ಎಂದು ನನಗೆ ಅಲ್ಲಿ ಹೆಸರಿತ್ತು. ಆಫೀಸಿನಲ್ಲಿ, ಮನೆಯಲ್ಲಿ ನನಗೆ ಅಂಥ ಹೆಸರು ಯಾವುದೂ ಇರಲಿಲ್ಲ. ಇದನ್ನು ನೆಪ ಅಂತ ಹೇಳುತ್ತಿಲ್ಲ. ಇದ್ದದ್ದು ಹೇಳುತ್ತಿದ್ದೇನೆ.

ಶಿವಲೀಲಾ ಸಿಕ್ಕಿದ್ದು ಜಯನಗರದ ಒಂದು ಪಾರ್ಕಿನ ಪಕ್ಕ, ಕೈಕೆಲಸದ ವಸ್ತುಗಳ ಸಂತೆಯಲ್ಲಿ. ಒಂದು ಕಡೆ ಮಣ್ಣಿನ ಓಲೆ, ಇನ್ನೊಂದು ಕಡೆ ಉಪ್ಪಿನಕಾಯಿ, ನಡುವೆ ಒಂದು ಪುಟ್ಟ ಮೇಜು. ಮೇಜಿನ ಮೇಲೆ ಆರೇ ಆರು ಶೀಶೆ, ಕೈಬರಹದ ಚೀಟಿ. ಹಿಂದೆ ಇಪ್ಪತ್ತೆಂಟು ಮೂವತ್ತರ ಒಬ್ಬ ಹುಡುಗಿ. ಒಂದು ಚೀಟಿಯಲ್ಲಿ ‘ಗಿರಣಿ’ ಅಂತಿತ್ತು.

“ಇದೇನಮ್ಮ, ಗಿರಣಿ?”

“ಹಿಟ್ಟಿನ ಗಿರಣಿರೀ. ಗದಗದಾಗ ನಮ್ಮವ್ವ ನಡಸ್ತಾಳ. ಮೂಸಿ ನೋಡ್ರಿ, ಹೇಳೂದಲ್ಲ ಅದು.”

ಮೂಸಿದೆ. ಮೊದಲು ಏನೂ ಗೊತ್ತಾಗಲಿಲ್ಲ. ಆಮೇಲೆ ಬಿಸಿ ಜೋಳದ ಹಿಟ್ಟು, ಅಂಗೈ ಮೇಲೆ ಈಗಷ್ಟೇ ಬಿದ್ದಂತೆ. ಅದರ ಹಿಂದೆ ಕಾದ ರಬ್ಬರ್ ಬೆಲ್ಟಿನ ವಾಸನೆ. ಸ್ವಲ್ಪ ಹೊತ್ತು ಬಿಟ್ಟು ಎಲ್ಲಿಂದಲೋ ದವನ — ಡಬ್ಬಿ ಹಿಡಿದು ಪಾಳಿಗೆ ನಿಂತ ಹೆಂಗಸರು ಮುಡಿದ ದವನ! ನಾನು ಗದಗ ನೋಡಿದವಳಲ್ಲ. ಆದರೂ ಆ ಗಿರಣಿಯ ಬಾಗಿಲಲ್ಲಿ ನಿಂತಿದ್ದೆ.

“ಹಿಟ್ಟು ಹೇಗೆ ಹಾಕಿದೆ ಇದರಲ್ಲಿ?” ಅಂದೆ.

“ಹಿಟ್ಟು ಹಾಕಿಲ್ರಿ,” ಎಂದು ನಕ್ಕಳು. “ಹಿಟ್ಟು ಐತಿ ಅಂತ ಮೂಗಿಗೆ ಸುಳ್ಳು ಹೇಳೀನಿ.”

ಅವಳು ಒಂದು ಅಗರಬತ್ತಿ ಕಂಪನಿಯಲ್ಲಿ ಸುವಾಸನೆ ಬೆರೆಸುವ ವಿಭಾಗದಲ್ಲಿ ಸಹಾಯಕಿ. ಬಿಟಿಎಂನಲ್ಲಿ ಬಾಡಿಗೆಗೆ ಒಂದು ಕೋಣೆ. ಆ ಕೋಣೆಗೆ ನಾನು ಎಷ್ಟು ಶನಿವಾರ ಹೋದೆನೋ. ಕಿಟಕಿಯ ಕಟ್ಟೆ ಮೇಲೆ ಪುಟ್ಟ ತಕ್ಕಡಿ, ಕಂದು ಬಣ್ಣದ ಶೀಶೆಗಳ ಸಾಲು, ಲೆಕ್ಕದ ಪುಸ್ತಕದಂಥ ಒಂದು ಉದ್ದ ನೋಟ್‌ಬುಕ್ಕು. ಒಂದು ಹನಿ ಹೆಚ್ಚಾದರೆ ಇಡೀ ಶೀಶೆ ಚೆಲ್ಲಿ ಮತ್ತೆ ಮೊದಲಿಂದ ಶುರು ಮಾಡುವಳು. ದವನದ ಎಣ್ಣೆ ಒಬ್ಬೊಬ್ಬರ ಮೈಮೇಲೆ ಒಂದೊಂದು ಥರ ಬರುತ್ತದೆ ಎಂದು ನನಗೆ ತೋರಿಸಿಕೊಟ್ಟವಳು ಅವಳೇ. ಅವಳ ಮಣಿಕಟ್ಟಿಗೊಂದು ಹನಿ, ನನ್ನದಕ್ಕೊಂದು. ಅವಳದು ಹಣ್ಣಿನ ಹಾಗೆ, ನನ್ನದು ಒಣಗಿದ ಹುಲ್ಲಿನ ಹಾಗೆ. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಮಕ್ಕಳ ಥರ ಮೂಸುತ್ತಾ ಕೂತಿದ್ದೆವು. ನನಗೆ ಪ್ರಪಂಚ ಅಷ್ಟು ಹೊಸದಾಗಿ ಕಂಡ ದಿನಗಳು ಅವು.

ಒಂದು ಶನಿವಾರ ಅವಳು ಒಂದು ಸಣ್ಣ ಶೀಶೆ ನನ್ನ ಕೈಗಿಟ್ಟಳು. ಗಿರಣಿ.

“ಅಕ್ಕಾರ, ಇದನ್ನ ನಿಮ್ಮ ಗುಂಪಿನ್ಯಾಗ ತೋರಸ್ರಿ. ಅವರಿಗೆ ತಿಳೀತೈತಿ. ಛಲೋ ಅಂದ್ರ ನೌಕರಿ ಬಿಟ್ಟು ಇದನ್ನ ಹಿಡೀತೀನಿ. ಇಲ್ಲಾಂದ್ರ ಇಷ್ಟಕ್ಕ ಸಾಕು. ಆದ್ರ ಖರೇ ಹೇಳ್ಬೇಕು ನೀವು. ಮನಸು ನೋಯ್ತೈತಿ ಅಂತ ಮುಚ್ಚಬ್ಯಾಡ್ರಿ.”

ಅವಳಿಗೆ ಭಯವಿದ್ದದ್ದು ತನಗೆ ಬೇಸರವಾಗಬಾರದೆಂದು ನಾನು ಹೊಗಳುವೆನೇನೋ ಅಂತ. ಇನ್ನೊಂದು ಥರದ ಸುಳ್ಳು ಅವಳ ತಲೆಗೇ ಹೊಳೆದಿರಲಿಲ್ಲ.

ಮಾರನೇ ದಿನ ರಂಗನಾಥ್ ಅಂಕಲ್ ಮಹಡಿಯಲ್ಲಿ ಕಾಗದದ ಪಟ್ಟಿ ಹಂಚಿದೆ. ಯಾವಾಗಲೂ ಮೊದಲು ಗಲಾಟೆ ಮಾಡುವ ನಿಖಿತಾ ಕೂಡ ಪಟ್ಟಿಯನ್ನು ಮೂಗಿನಿಂದ ಇಳಿಸಲಿಲ್ಲ. ಅಂಕಲ್ ಕಣ್ಣು ಮುಚ್ಚಿ ಮೂಸಿದರು, ಪಟ್ಟಿಯನ್ನು ದೂರ ಹಿಡಿದರು, ಮತ್ತೆ ಮೂಸಿದರು. ಐದು ನಿಮಿಷ ಆದ ಮೇಲೆ ಮತ್ತೊಮ್ಮೆ.

“ಸಖತ್ತಾಗಿದೆ ವಸುಧಾ,” ಅಂದಳು ನಿಖಿತಾ, ಮೆಲ್ಲಗೆ. “ಯಾರ್ದು ಇದು?”

ಅಂಕಲ್ ಕಣ್ಣು ಬಿಟ್ಟರು. “ಹೌದು ತಾಯಿ, ಯಾರು ಮಾಡಿದ್ದು? ಇವರನ್ನ ನಾನು ನೋಡ್ಬೇಕಲ್ಲ.”

ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಹೆಸರು ನಾಲಿಗೆ ತುದಿಯಲ್ಲಿತ್ತು. ಶಿವಲೀಲಾ, ಬಿಟಿಎಂ, ಇಲ್ಲಿಂದ ಆಟೋದಲ್ಲಿ ಕಾಲು ಗಂಟೆ. ಹೇಳಿದ್ದರೆ ಅವತ್ತು ಸಂಜೆಯೇ ಇವರೆಲ್ಲ ಅವಳ ಕೋಣೆಯಲ್ಲಿರುತ್ತಿದ್ದರು. ಮುಂದಿನ ತಿಂಗಳು ನಿಖಿತಾಳ ಮೈಮೇಲೆ ಗಿರಣಿ, ಅವಳ ಗೆಳತಿಯರ ಮೈಮೇಲೆ ಗಿರಣಿ. ಶನಿವಾರ ನನಗಿಂತ ಮೊದಲು ಇನ್ಯಾರೋ ಆ ಕಿಟಕಿಯ ಹತ್ತಿರ ಕೂತು ಕೈ ಚಾಚುತ್ತಿದ್ದರು. ಅಂಕಲ್ಲು, ನನಗಿಂತ ನೂರು ಪಾಲು ಬಲ್ಲವರು, ಅವಳಿಗೆ ಗುರುವಾಗುತ್ತಿದ್ದರು. ನಾನು? ಪರಿಚಯ ಮಾಡಿಸಿದವಳು, ಅಷ್ಟೇ —

“ಬೆಲ್ಜಿಯಂನ ಒಬ್ಬಾಕೆ,” ಅಂದೆ. “ಈಗ ಮಾಡೋದು ನಿಲ್ಲಿಸಿಬಿಟ್ಟಿದ್ದಾಳಂತೆ.”

“ಛೆ,” ಅಂದರು ಅಂಕಲ್. ಅಷ್ಟು ನಿಜವಾದ ಬೇಸರ ಆ ಒಂದು ಅಕ್ಷರದಲ್ಲಿತ್ತು.

ಇಲ್ಲಿಗೇ ನಿಂತಿದ್ದರೆ ಇದೊಂದು ಹೊಟ್ಟೆಕಿಚ್ಚಿನ ಸಣ್ಣ ಕಥೆಯಾಗುತ್ತಿತ್ತು. ಸಂಜೆ ಶಿವಲೀಲಾ ಫೋನ್ ಮಾಡಿದಳು. ಬೆಳಗಿನ ಸುಳ್ಳು ಉಳಿಯಬೇಕಾದರೆ ಈಗಿನದನ್ನೂ ಹೇಳಲೇಬೇಕಿತ್ತು.

“ಚೆನ್ನಾಗಿದೆ ಅಂದ್ರು... ಆದ್ರೆ ಅಷ್ಟಾಗಿ ಹಿಡಿಸ್ಲಿಲ್ಲ ಕಣೆ. ಆ ಹಿಟ್ಟಿನ ವಾಸನೆ ಯಾಕೆ ಅಂದ್ರು. ಅದೊಂದು ಇಲ್ದಿದ್ರೆ ಚೆನ್ನಾಗಿರ್ತಿತ್ತೇನೋ ಅಂದ್ರು.”

“ಹೌದೇನ್ರಿ,” ಅಂದಳು. “ಅದಽ ಇದ್ದಿದ್ದು ಅದರಾಗ.”

ಇಂದಿಗೂ ನನಗೆ ಅರ್ಥವಾಗದ್ದು ಇದು: ಅಷ್ಟು ಕಡೆ ಬಿಟ್ಟು ಸರಿಯಾಗಿ ಅದರ ಜೀವವಿದ್ದ ಜಾಗಕ್ಕೇ ನಾನು ಹೇಗೆ ಕೈ ಹಾಕಿದೆ? ಅದು ಎಲ್ಲಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವಳೇ ಕೂರಿಸಿಕೊಂಡು ಕಲಿಸಿದ್ದಳಲ್ಲ.

ಅವಳು ಹಿಟ್ಟು ತೆಗೆದಳು. ಬೆಲ್ಟು ತೆಗೆದಳು. ಗುಲಾಬಿ ಹಾಕಿದಳು. ಮತ್ತೆರಡು ಸಂತೆಗಳಲ್ಲಿ ಮೇಜು ಹಾಕಿದಳು. ಜನ ಮೂಸಿ, ಚೆನ್ನಾಗಿದೆ ಎಂದು ಮುಂದೆ ಹೋದರು. ಗುಲಾಬಿ ಎಲ್ಲಿ ಸಿಗುವುದಿಲ್ಲ? ಆಮೇಲೆ ಮೇಜು ಹಾಕಲಿಲ್ಲ. ನಾನೂ ಶನಿವಾರ ಹೋಗುವುದನ್ನು ನಿಲ್ಲಿಸಿದೆ. ಆಫೀಸಿನಲ್ಲಿ ಕೆಲಸ ಜಾಸ್ತಿ ಅಂದೆ. ಅದೂ ಸುಳ್ಳೇ.

ಹೋದ ತಿಂಗಳು ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಯಾರೋ “ಅಕ್ಕಾರ!” ಎಂದು ಕೂಗಿದರು. ತಿರುಗಿದರೆ ಶಿವಲೀಲಾ. ಸ್ವಲ್ಪ ದಪ್ಪಗಾಗಿದ್ದಳು, ಕೈಯಲ್ಲಿ ತರಕಾರಿ ಚೀಲ. ಈಗ ನೆಲ ಒರೆಸುವ ದ್ರಾವಣಕ್ಕೆ ನಿಂಬೆ, ಮಲ್ಲಿಗೆ ವಾಸನೆ ಕೂಡಿಸುವ ಕೆಲಸವಂತೆ. ಹೊಸಕೆರೆಹಳ್ಳಿಯಲ್ಲಿ ಮನೆ ಮಾಡಿದ್ದಾಳಂತೆ. ಗಿರಣಿಯ ಮಾತನ್ನು ಅವಳೇ ತೆಗೆದಳು.

“ನಿಮ್ಮ ಉಪಕಾರ ಮರಿಯಂಗಿಲ್ರಿ. ಎಲ್ಲಾರೂ ಬಾಯಿಮಾತಿಗೆ ಛಲೋ ಐತಿ ಅಂತಿದ್ರು. ನೀವೊಬ್ರಽ ಖರೇ ಹೇಳಿದ್ರಿ. ಇಲ್ಲಾಂದ್ರ ನೌಕರಿ ಬಿಟ್ಟು ಹುಚ್ಚರಂಗ ಅಡ್ಡಾಡ್ತಿದ್ದೆ.”

ಹೇಳಬಹುದಿತ್ತು. ಅಲ್ಲೇ, ಆ ಗದ್ದಲದಲ್ಲೇ. ನನ್ನ ಬಸ್ಸು ಬಂತು. ಹತ್ತಿಬಿಟ್ಟೆ. ಕಿಟಕಿಯಿಂದ ಕೈ ಬೀಸಿದೆ ಕೂಡ.

ಮೊನ್ನೆ ಭಾನುವಾರ ಗುಂಪಿನಲ್ಲಿ ಎಲ್ಲವನ್ನೂ ಹೇಳಿದೆ. ಬೆಲ್ಜಿಯಂ ಇಲ್ಲ, ಅಲ್ಲಿ ಯಾವ ಆಕೆಯೂ ಇಲ್ಲ ಅಂದೆ. ನಿಖಿತಾ ಕೆಳಗೆ ನೋಡುತ್ತಾ ಕೂತಳು. ರಂಗನಾಥ್ ಅಂಕಲ್ ಮಾತ್ರ ನನ್ನನ್ನೇ ನೋಡುತ್ತಾ ಕೇಳಿದರು.

“ನಮಗೆ ಹೇಳಿ ಏನಮ್ಮ ಬಂತು? ನಮಗೇನು ನಷ್ಟ ಆಗಿತ್ತು? ಆ ಹುಡುಗಿಗೆ ಹೋಗಿ ಹೇಳು.”

ಶಿವಲೀಲಾಗೆ ಫೋನ್ ಮಾಡಿದೆ. ನಿನ್ನ ಹತ್ತಿರ ಒಂದು ಮಾತು ಹೇಳೋದಿದೆ, ಭಾನುವಾರ ಬರ್ತೀನಿ ಅಂದೆ. ಏನು ಮಾತು ಎಂದು ಅವಳು ಕೇಳಲೇ ಇಲ್ಲ. “ಬರ್ರಿ ಅಕ್ಕಾರ, ಊಟಕ್ಕಽ ಬರ್ರಿ. ರೊಟ್ಟಿ ಬಡೀತೀನಿ” ಅಂದಳು, ಅಷ್ಟು ಖುಷಿಯಿಂದ.

ಅವಳ ಮನೆಯ ಊಟ ಮಾಡಿದ ಮೇಲೆ ಹೇಳಿದರೆ ಅದು ಇನ್ನೊಂದು ಮೋಸ. ಚಪ್ಪಲಿ ಬಿಡುವ ಮೊದಲೇ, ಬಾಗಿಲಲ್ಲೇ ನಿಂತು ಹೇಳಬೇಕು. ಅವಳು ಮತ್ತೆ ತಕ್ಕಡಿ ಹಿಡಿಯುತ್ತಾಳೋ ಇಲ್ಲವೋ, ನನ್ನನ್ನು ಒಳಗೆ ಕರೆಯುತ್ತಾಳೋ ಇಲ್ಲವೋ, ಅದು ಅವಳಿಗೆ ಬಿಟ್ಟದ್ದು. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅವಳು ಕ್ಷಮಿಸಿಬಿಡುತ್ತಾಳೆ, ನನಗೆ ಗೊತ್ತು. ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹೇಳಿಕೊಂಡು ನೋಡಿದ್ದೇನೆ. ಉದ್ದವೇನಿಲ್ಲ.

ಇದನ್ನು ಮಾಡಿದವರು ಯಾರು ಎಂದು ಅವರೆಲ್ಲ ಕೇಳಿದರು, ಶಿವಲೀಲಾ. ನಾನು ನಿನ್ನ ಹೆಸರು ಹೇಳಲಿಲ್ಲ.