ಈಲಿಯೊಳಗಿನ ಜೀನ

ಮೊಮ್ಮಗಳು ಐದು ವರ್ಷದಿಂದ ಈಲಿ ಕ್ಯಾನ್ಸರಿನ ಮೇಲೆ ಏನೋ ಓದುತ್ತಿದ್ದಾಳೆ ಎಂಬುದಷ್ಟೇ ನನಗೆ ಗೊತ್ತಿತ್ತು. ಈಲಿ ಅಂದರೆ ಅವಳ ಬಾಯಲ್ಲಿ ಲಿವರ್. ನಾನು ಓದಿದ್ದು ನಾಲ್ಕನೇ ಕ್ಲಾಸು. ಆಮೇಲೆ ಹಳ್ಳಿಯಿಂದ ಪಟ್ಟಣಕ್ಕೆ ಬಂದು ಕೆಸರೆ ಕಡೆಯ ಬೀದಿಗಳಿಗೆ ನೀರು ಬಿಡುವ ಕೆಲಸ ಹಿಡಿದೆ. ಬೆಳಿಗ್ಗೆ ಹೋಗಿ ವಾಲ್ವ್ ತೆಗೆಯುವುದು, ಹೊತ್ತಾದ ಮೇಲೆ ನಿಲ್ಲಿಸುವುದು, ರಿಟೈರ್ ಆಗುವವರೆಗೂ ಅದೇ. ಒಂದು ನಿಮಿಷ ಹೆಚ್ಚು ಬಿಡುತ್ತಿರಲಿಲ್ಲ, ಕೊನೇ ಬೀದಿಯವರಿಗೂ ಸಿಗಬೇಕಲ್ಲ. ಅದಕ್ಕೆ ಹೆಂಗಸರು ನನಗೆ ಇಟ್ಟ ಹೆಸರು ಜೀನ. "ಬಂದ ನೋಡ್ರೇ ಜೀನ, ಕೊಡ ತುಂಬೋಕ್ಮುಂಚೆ ನಿಲ್ಲಿಸ್ಬುಡ್ತಾನೆ" ಎಂದು ನನಗೆ ಕೇಳುವ ಹಾಗೇ ಅನ್ನುತ್ತಿದ್ದರು.

ಕಳೆದ ತಿಂಗಳು ಅವಳ ಕೊನೆಯ ಪರೀಕ್ಷೆ. ಬರೆಯುವುದಲ್ಲ, ಎಲ್ಲರ ಎದುರಿಗೆ ನಿಂತು ಹೇಳುವುದು. ಗೆದ್ದರೆ ಡಾಕ್ಟರ್ ಪದವಿ, ತಡವರಿಸಿದರೆ ಮತ್ತೆ ತಿದ್ದಿ ಬರೆದು ಕಾಯಬೇಕು. ಹಿಂದಿನ ದಿನ ಮಧ್ಯಾಹ್ನ ನಾನು ಅವರೆಕಾಯಿ ಸುಲಿಯುತ್ತಿದ್ದೆ, ಅವಳು ನನ್ನ ಮುಂದೆ ನಿಂತು ಅಭ್ಯಾಸ ಮಾಡಿದಳು. ಎಲ್ಲ ಇಂಗ್ಲಿಷು. ಎಂದಿನ ಹಾಗೆ ನನ್ನ ಕಿವಿಗೆ ಸಿಕ್ಕಿದ್ದು ಒಂದೇ ಮಾತು, ಜೀನ್, ಜೀನ್.

"ಅಲ್ಲ ಕಣವ್ವ, ಈಲಿಯೊಳಕ್ಕೆ ಆ ಜೀನ ಯಾಕೆ ಬಂದ? ಐದು ವರ್ಷದಿಂದ ಕೇಳ್ಬೇಕು ಅಂತಿದ್ದೆ" ಅಂದೆ.

ಅವಳು ನೆಲದ ಮೇಲೆ ಕುಸಿದು ಕೂತು ನಕ್ಕಳು. "ಜೀನ ಅಲ್ಲ ತಾತ, ಜೀನ್. ಒಂದೊಂದು ಜೀವಕೋಶದೊಳಗೂ ಇರೋ ಬರಹ. ಯಾವಾಗ ಬೆಳೀಬೇಕು, ಯಾವಾಗ ನಿಲ್ಸ್ಬೇಕು ಅಂತೆಲ್ಲ ಅದ್ರಲ್ಲಿರತ್ತೆ."

"ನಿಲ್ಸೋದು ಅಂದ್ರೆ ನನ್ ಕೆಲ್ಸಾನೇ ಆಯ್ತಲ್ಲ. ನಿಲ್ಸೋನ್ನ ಜನ ಜೀನ ಅಂತಾನೇ ಕರೆಯೋದು."

ಅವಳ ನಗು ನಿಂತಿತು. ನನ್ನ ಹತ್ತಿರ ಸರಿದು ಕೇಳಿದಳು, "ವಾಲ್ವ್ ಕೆಟ್ಟು ತಿರುಗದೇ ಇದ್ರೆ ಏನಾಗ್ತಿತ್ತು?"

"ಇನ್ನೇನು, ಬೀದಿಯೆಲ್ಲ ನೀರು."

ಅವಳು ಎದ್ದು ಒಳಗೆ ಹೋದಳು.

ಮಾರನೆಯ ದಿನ ಇಸ್ತ್ರಿ ಮಾಡಿದ ಪಂಚೆ ಉಟ್ಟು ಮುಂದಿನ ಸಾಲಿನಲ್ಲೇ ಕೂತೆ. ಪರೀಕ್ಷೆ ಮಾಡಲು ಹೊರಗಿನಿಂದ ಒಬ್ಬರು ಮೇಡಂ ಬಂದಿದ್ದರು. ಮುಕ್ಕಾಲು ಗಂಟೆ ಇಂಗ್ಲಿಷಿನಲ್ಲಿ ಕೇಳಿದರು, ಇವಳು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು. ಕೊನೆಗೆ ಅವರು ನನ್ನ ಕಡೆ ತಿರುಗಿ ಯಾರು ಎಂದು ವಿಚಾರಿಸಿದರು. ತಾತ ಎಂದಳು.

"ಸರಿ, ನಿನ್ನ ಕೆಲಸ ಏನು ಅಂತ ಇವರಿಗೆ ಅರ್ಥ ಆಗೋ ಹಾಗೆ ಹೇಳಮ್ಮ, ಕನ್ನಡದಲ್ಲಿ. ಹೇಳೋಕಾಗ್ಲಿಲ್ಲ ಅಂದ್ರೆ ನಿನಗೂ ಅರ್ಥ ಆಗಿಲ್ಲ ಅಂದ್ಕೋತೀನಿ."

ಅವಳು ನನ್ನ ಕಡೆ ನೋಡಿದಳು. ಒಂದು ಗುಟುಕು ನೀರು ಕುಡಿದಳು.

"ಈಲಿಯ ಒಂದೊಂದು ಜೀವಕೋಶದಲ್ಲೂ ಒಬ್ಬ ಜೀನ ಇದಾನೆ ಮೇಡಂ" ಎಂದಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ. "ಬೆಳಿ ಅಂತ ಹೊರಗಿಂದ ಸಂದೇಶ ಬರತ್ತೆ, ಕೈಯಿಂದ ಕೈಗೆ ದಾಟಿ ಒಳಗೆ ಹೋಗತ್ತೆ. ಬೇಕಾದಷ್ಟು ಆದ್ಮೇಲೆ ಜೀನ ವಾಲ್ವ್ ತಿರುಗಿಸ್ತಾನೆ, ಸಂದೇಶ ನಿಲ್ಲತ್ತೆ. ಕಾಮಾಲೆಯ ವೈರಸ್ಸು, ಕುಡಿತ, ಬೂಷ್ಟು ಹಿಡಿದ ಕಡಲೆಕಾಯಿ, ಇಂಥವು ವರ್ಷಗಟ್ಟಲೆ ಕಾಡಿದ್ರೆ ಅವನನ್ನ ಮಾಡೋ ಬರಹದಲ್ಲಿ ಒಂದೆರಡು ಅಕ್ಷರ ತಪ್ಪಾಗ್ಬೋದು. ಆಮೇಲೆ ಅವನಿಗೆ ನಿಲ್ಲಿಸೋಕೆ ಬರಲ್ಲ. ಯಾರೂ ಹೇಳದೇ ಇದ್ರೂ ಬೆಳಿ, ಬೆಳಿ ಅನ್ನೋ ಮಾತು ಹರೀತಾನೇ ಇರತ್ತೆ. ಗಡ್ಡೆ ಆಗೋದು ಹಾಗೆ. ಯಾವ ಅಕ್ಷರ ತಪ್ಪಿದ್ರೆ ಯಾವ ವಾಲ್ವ್ ಕೆಡತ್ತೆ ಅಂತ ಹುಡುಕೋದು ನನ್ನ ಕೆಲಸ."

"ರಿಪೇರಿ?" ಅಂದುಬಿಟ್ಟೆ ನಾನು. ಅಲ್ಲಿ ಮಾತಾಡಬಾರದು ಎಂಬುದು ಆಮೇಲೆ ಹೊಳೆಯಿತು.

"ಅದು ಆಗಲ್ಲ ತಾತ, ಈಗಿನ್ನೂ ಆಗಲ್ಲ. ಕೆಟ್ಟಿರೋದು ಯಾವುದು ಅಂತ ಗೊತ್ತಾದ್ರೆ, ಅದ್ರಿಂದ ಮುಂದೆ ಎಲ್ಲಾದ್ರೂ ಅಡ್ಡ ಹಾಕೋ ಔಷಧಿ ಹುಡುಕ್ಬೋದು."

ಅದು ನನಗೆ ಚೆನ್ನಾಗಿ ಗೊತ್ತಿದ್ದ ವಿಷಯ. ಒಂದು ವಾಲ್ವ್ ಕೈಕೊಟ್ಟರೆ ಮುಂದಿನದನ್ನು ಮುಚ್ಚುತ್ತಿದ್ದೆವು. ತಲೆ ಆಡಿಸಿದೆ.

"ನಾನು ಕೇಳಬೇಕಿದ್ದ ಪ್ರಶ್ನೆಯನ್ನ ನೀವೇ ಕೇಳಿದ್ರಿ ಯಜಮಾನ್ರೇ" ಎಂದು ಮೇಡಂ ಎದ್ದು ಒಳಗೆ ಹೋದರು. ಅವರು ತಿರುಗಿ ಬರುವವರೆಗೆ ನನಗೆ ಕೂರಲಾಗಲಿಲ್ಲ. ಬಂದವರು ಅವಳನ್ನು ಡಾಕ್ಟರ್ ಎಂದು ಕರೆದರು. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ಎಲ್ಲರೂ ನಿಲ್ಲಿಸಿದ ಮೇಲೂ ತಟ್ಟುತ್ತಲೇ ಇದ್ದೆ. ಯಾರು ನೋಡಿದರೆ ನನಗೇನು.

ಮನೆಗೆ ಹೋಗೋಣ ಬಾ ಅಂದರೆ ಅವಳು ಬಿಳಿ ಕೋಟು ಏರಿಸಿಕೊಂಡು ಲ್ಯಾಬಿಗೆ ಹೊರಟಳು. ಸೀಸೆಯಲ್ಲಿ ಸಾಕಿರುವ ಜೀವಕೋಶಗಳಿಗೆ ಅಂದೇ ಊಟ ಬದಲಾಯಿಸಬೇಕಂತೆ, ಇಲ್ಲದಿದ್ದರೆ ಸಾಯುತ್ತವಂತೆ. ನಾನೊಬ್ಬನೇ ಬಸ್ಸು ಹಿಡಿದು ಬಂದೆ. ಹೆಂಡತಿ ಒಬ್ಬಟ್ಟು ಮಾಡಿ ಬಾಗಿಲಲ್ಲೇ ನಿಂತಿದ್ದಳು.

"ಎಲ್ರೀ ಡಾಕ್ಟ್ರು?"

"ಊಟ ಹಾಕೋಕೆ ಹೋದ್ಲು."

"ಯಾರ್ಗೆ?"

"ಈಲಿಗೆ."

"ತನ್ ಹೊಟ್ಟೆ ಖಾಲಿ ಇಟ್ಕೊಂಡು ಅದೆಂಥಾ ಡಾಕ್ಟ್ರು ಬುಡಿ" ಎಂದು ಗೊಣಗುತ್ತ ಡಬ್ಬಿಗೆ ಒಬ್ಬಟ್ಟು ತುಂಬಿ, ಮೇಲೆ ತುಪ್ಪ ಸುರಿದು ನನ್ನ ಕೈಗಿಟ್ಟಳು. ಕೂತು ಸುಧಾರಿಸಿಕೊಳ್ಳಲೂ ಬಿಡಲಿಲ್ಲ. ಮತ್ತೆ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತವರಿಗೆ, ಅವರು ಕೇಳದೇ ಇದ್ದರೂ, ಡಬ್ಬಿ ಯಾರಿಗೆ ಎಂದು ಹೇಳಿದೆ. ಕಂಡಕ್ಟರಿಗೂ ಹೇಳಿದೆ.